ಚಕ್ರಪಾಣಿ ಬಾಯಿ ಮುಚ್ಚಿಕೊಂಡ ಭಾನುವಾರ

ಬಸ್ ಡಿಪೋದಲ್ಲಿ ಅವನಿಗೆ ಆ ಹೆಸರು ಕಟ್ಟಿದವರು ಯಾರೆಂದು ಯಾರಿಗೂ ನೆನಪಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೂ ಅವನ ಕೈಯಲ್ಲಿ ಚಕ್ರ ಬಿಟ್ಟು ಬೇರೇನನ್ನೂ ಕಂಡವರಿಲ್ಲ, ಹಾಗಾಗಿ ಚಕ್ರಪಾಣಿ ಎಂದರು. ಅವನೂ ಬೇಡವೆನ್ನಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಹೆಂಡತಿ ಕೂಡ ಸಿಟ್ಟು ಬಂದಾಗ, "ಬಂದ್ರು ನೋಡಿ ಚಕ್ರಪಾಣಿಗಳು" ಎಂದೇ ಶುರುಮಾಡುತ್ತಿದ್ದಳು.

ಡಿಪೋದಲ್ಲಿ ಎಂಜಿನ್ ಬಿಚ್ಚುವವರಿಗೆ ಇದ್ದ ಗತ್ತು ಚಕ್ರದವರಿಗೆ ಇರಲಿಲ್ಲ. ಎಂಜಿನ್ನಿನವರು ಚಹಾಕ್ಕೆ ಬೆಂಚಿನ ಮೇಲೆ ಕೂತರೆ ಚಕ್ರದವರು ಹಳೇ ಟೈರಿನ ಮೇಲೆ ಕೂರಬೇಕು. ಚಕ್ರಪಾಣಿಗೆ ಇದರ ಬಗ್ಗೆ ಬೇಜಾರೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಅದಕ್ಕೇ ಎಂಜಿನ್ನಿನವರನ್ನು ಕಂಡಾಗಲೆಲ್ಲ, "ನಿಮ್ಮದು ಕೆಟ್ರೆ ಬಸ್ಸು ನಿಲ್ಲುತ್ತೆ, ನಮ್ಮದು ಕೆಟ್ರೆ ನಿಲ್ಲೋದೇ ಇಲ್ಲ" ಎಂದು ಚುಚ್ಚುತ್ತಿದ್ದ.

ಚಕ್ರಕ್ಕೂ ಅದನ್ನು ಹೊತ್ತ ಅಚ್ಚಿಗೂ ನಡುವೆ ಬೇರಿಂಗ್ ಇರುತ್ತದೆ. ಉಕ್ಕಿನ ಬಳೆಯೊಳಗೆ ಸಾಲಾಗಿ ಕೂತ ಉಕ್ಕಿನ ಗುಂಡುಗಳು, ಸುತ್ತ ಗ್ರೀಸು, ಅಷ್ಟೇ. ಚೆನ್ನಾಗಿರುವಷ್ಟು ದಿನ ಅದೊಂದು ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ. ನೀರು ನುಗ್ಗಿ, ಗ್ರೀಸು ಒಣಗಿ, ಗುಂಡುಗಳ ಮೈ ಒರಟಾದ ಮೇಲೆ ಗುಂಯ್ ಎನ್ನಲು ಶುರುವಾಗುತ್ತದೆ. ಅದೂ ಎಷ್ಟು ಮೆಲ್ಲಗೆ ಏರುತ್ತದೆಂದರೆ ದಿನಾ ಓಡಿಸುವವನಿಗೆ ಯಾವತ್ತು ಶುರುವಾಯಿತೆಂದು ಹೇಳಲಾಗದು. ಹೊಸದಾಗಿ ಹತ್ತಿ ಕೂತವನಿಗೆ ಮಾತ್ರ ಥಟ್ಟನೆ ಕೇಳುತ್ತದೆ. ಕೇಳಿದರೂ ಯಾವ ಚಕ್ರದ್ದೆಂದು ತಿಳಿಯಲು ಬರೀ ಕಿವಿ ಸಾಲದು. ತಗಡಿನ ಮೈಯೊಳಗೆ ಸದ್ದು ಓಡಾಡುತ್ತದೆ, ಹಿಂದಿನದು ಮುಂದೆ ಕೇಳುತ್ತದೆ. "ಸದ್ದು ಸುಳ್ಳು ಹೇಳುತ್ತೆ, ಭಾರ ಸುಳ್ಳು ಹೇಳಲ್ಲ" ಎನ್ನುವುದು ಚಕ್ರಪಾಣಿಯ ಮಾತು. ಗಾಡಿ ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರದ ಮೇಲೆ ವಾಲುತ್ತದೆ. ಆಗ ಸದ್ದು ಏರಿದರೆ ಕಾಯಿಲೆ ಎಡಗಡೆ, ಇಳಿದರೆ ಬಲಗಡೆ. ಇದನ್ನು ಅವನು ಗುಟ್ಟಾಗಿಟ್ಟವನಲ್ಲ. ಕೇಳಿದವರಿಗೂ ಹೇಳಿದ, ಕೇಳದವರಿಗೆ ಇನ್ನೂ ಜಾಸ್ತಿ ಹೇಳಿದ.

ತೊಂದರೆ ಶುರುವಾದದ್ದೇ ಅಲ್ಲಿ. ಡಿಪೋದಲ್ಲಿದ್ದಾಗ ಬಸ್ಸುಗಳಿದ್ದವು, ಮಾತಿಗೊಂದು ಜಾಗವಿತ್ತು. ನಿವೃತ್ತಿಯಾದ ಮೇಲೆ ಬೀದಿಯಲ್ಲಿ ಹೋಗುವ ಬರುವ ಗಾಡಿಗಳಿಗೆಲ್ಲ ಇವನೇ ವೈದ್ಯನಾದ. ಹಾಲಿನ ವ್ಯಾನು, ಶಾಲೆಯ ವ್ಯಾನು, ಕೊನೆಗೆ ಪಕ್ಕದ ಮನೆಯ ಕೂಸಿನ ತಳ್ಳುಗಾಡಿಯನ್ನೂ ಬಿಡಲಿಲ್ಲ. ಹಳೇ ಗೆಳೆಯನೊಬ್ಬ ತೀರಿಕೊಂಡಾಗ ಶವದ ವ್ಯಾನಿನಲ್ಲಿ ಹೆಣದ ಪಕ್ಕದಲ್ಲೇ ಕೂತು ಹೋಗುತ್ತಿದ್ದವನು ಕಣ್ಣೊರೆಸಿಕೊಳ್ಳುತ್ತ ಚಾಲಕನಿಗೆ, "ಹಿಂದುಗಡೆ ಬಲ ಚಕ್ರ ಹೋಗಿದೆ ಕಣಪ್ಪ. ಹೋದವನಂತೂ ಹೋದ, ಇರೋರನ್ನಾದ್ರೂ ಉಳಿಸ್ಕೋ" ಎಂದಿದ್ದ. ಅಳುತ್ತಿದ್ದವರೆಲ್ಲ ಒಂದು ಕ್ಷಣ ಅಳು ನಿಲ್ಲಿಸಿ ಅವನ ಮುಖ ನೋಡಿದರಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿದ್ದಾರೆಯೇ?

ಈ ಗುಣ ಮಗಳ ಮದುವೆಯ ಮಾತಿಗೂ ಅಡ್ಡ ಬಂತು. ಹಿಂದೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನ ಸೋದರಮಾವ ಹೊಚ್ಚ ಹೊಸ ಕಾರೆಂದು ತೋರಿಸಲು ಒಂದು ಸುತ್ತು ಕರೆದೊಯ್ದರು. ಚಕ್ರಪಾಣಿ ಇಳಿದವನೇ ಬಾಗಿಲಿನ ಮೇಲೆ ಕೈಯಾಡಿಸಿ, "ಇದು ಎಲ್ಲೋ ಗುದ್ದಿಸಿಕೊಂಡು ರಿಪೇರಿಯಾಗಿ ಬಂದಿದೆ. ಯಾರು ನಿಮಗೆ ಹೊಸದು ಅಂತ ಕೊಟ್ಟಿದ್ದು?" ಎಂದ. ಕೊಟ್ಟವರು ಅಲ್ಲೇ ನಿಂತಿದ್ದ ಹುಡುಗನ ಅಪ್ಪ. ಸಂಬಂಧ ಅವತ್ತೇ ಮುರಿಯಿತು. ಮಗಳು ಅದಕ್ಕೇನೂ ಅಳಲಿಲ್ಲ. ಆ ಹುಡುಗ ಅವಳಿಗೆ ಹಿಡಿಸಿರಲೂ ಇಲ್ಲ.

ಈ ಸಲದ ಕತೆ ಬೇರೆ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಣಿತದ ಮೇಷ್ಟ್ರೊಬ್ಬ ಕನ್ನಡಕ ಮಾಡಿಸಲು ಬಂದವನು, ಅದು ಸಡಿಲವಾಯಿತೆಂದು ಬಂದ, ಬಿಗಿಯಾಯಿತೆಂದು ಬಂದ, ಕೊನೆಗೆ ಏನೂ ಆಗಿಲ್ಲವೆಂದು ಹೇಳಲೂ ಬಂದ. ಅವಳಿಗೂ ಅವನೆಂದರೆ ಜೀವ. ಹುಡುಗನ ತಾಯಿ ಹೂಂ ಎಂದಿದ್ದರು. ತಂದೆ ಮಾತ್ರ "ನೋಡೋಣ, ಇನ್ನೂ ಸ್ವಲ್ಪ ದಿನ ಹೋಗಲಿ" ಎಂದು ತಳ್ಳುತ್ತಲೇ ಬಂದಿದ್ದರು. ಜಮೀನು ಅಳೆಯುವ ಸರ್ವೇಯರ್ ಅವರು, ಮಾತು ಕಡಿಮೆ. ಹುಡುಗಿ ಇಷ್ಟವಾಗಲಿಲ್ಲವೋ, ಹುಡುಗಿಯ ಮನೆಯೋ, ಅಥವಾ ಹುಡುಗಿಯ ಅಪ್ಪನ ಖ್ಯಾತಿ ಅಲ್ಲಿಯವರೆಗೂ ಮುಟ್ಟಿತೋ ಎಂದು ಮನೆಯಲ್ಲಿ ದಿನಾ ಚರ್ಚೆ. ಕೊನೆಗೊಂದು ದಿನ ಸರ್ವೇಯರೇ ಫೋನ್ ಮಾಡಿ, "ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ನಾನೇ ಕಾರು ತಗೊಂಡು ಬರ್ತೀನಿ" ಎಂದರು.

ಶನಿವಾರ ಸಂಜೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದ ಹೆಂಡತಿ ಗಂಡನ ಎದುರು ನಿಂತಳು. ಮಗಳೂ ಪಕ್ಕದಲ್ಲಿದ್ದಳು.

"ರೀ, ನಾಳೆ ಕಾರಿನ ಬಗ್ಗೆ ಒಂದಕ್ಷರ ಆಡಬಾರದು. ಮಗಳ ಮೇಲೆ ಆಣೆ ಮಾಡಿ."

"ಅಲ್ವೇ, ಏನಾದ್ರೂ ಅಪಾಯ ಇದ್ರೆ..."

"ಚಕ್ರ ಕಳಚಿ ಮುಂದೆ ಓಡಿಹೋದ್ರೂ ಆಡಬಾರದು!"

"ಅಪ್ಪ, ಒಂದೇ ಒಂದು ದಿನ" ಎಂದಳು ಮಗಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಚಕ್ರಪಾಣಿ ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ಮರುದಿನ ಸರ್ವೇಯರ್ ಬಂದರು. ಚಕ್ರಪಾಣಿ ಮುಂದೆ ಅವರ ಪಕ್ಕ ಕೂತ, ತಾಯಿ ಮಗಳು ಹಿಂದೆ. ಕಾರು ಹತ್ತುವಾಗ ಅವನು ಟೈರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಊರೊಳಗಿನ ಇಕ್ಕಟ್ಟು ಬೀದಿಗಳಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಹವೆ, ತರಕಾರಿ ಬೆಲೆ, ರಸ್ತೆ ಅಗಲ ಮಾಡುತ್ತಿರುವುದು, ಹೀಗೆ ಮಾತು ಕುಂಟುತ್ತ ಸಾಗಿತು. ಹೆದ್ದಾರಿಗೆ ಬಂದು ವೇಗ ಏರಿದ ಕೂಡಲೇ ಸರ್ವೇಯರ್ ಕೈ ರೇಡಿಯೊದ ಕಡೆ ಹೋಯಿತು. ಯಾರೋ ಕ್ರಿಕೆಟ್ ವಿವರಣೆ ಕೊಡುತ್ತಿದ್ದ, ಅದನ್ನು ಕಿವಿ ಗಡಚಿಕ್ಕುವಷ್ಟು ಜೋರು ಮಾಡಿದರು.

ಅಷ್ಟು ಗಲಾಟೆಯ ಅಡಿಯಲ್ಲೂ ಚಕ್ರಪಾಣಿಗೆ ಕೇಳಿತು. ಗುಂಯ್... ಟೈರಿನದ್ದಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಟೈರಿನದ್ದಾದರೆ ರಸ್ತೆ ಬದಲಾದಾಗ ರಾಗವೂ ಬದಲಾಗಬೇಕು. ಒರಟು ಡಾಂಬರು ಮುಗಿದು ನುಣ್ಣನೆಯ ಕಾಂಕ್ರೀಟು ಬಂತು, ರಾಗ ಬದಲಾಗಲಿಲ್ಲ. ಇಳಿಜಾರಿನಲ್ಲಿ ಸರ್ವೇಯರ್ ಕ್ಲಚ್ ಒತ್ತಿದರು. ಎಂಜಿನ್ನಿನ ಸದ್ದು ಕೆಳಗಿಳಿಯಿತು, ಇದು ಇಳಿಯಲಿಲ್ಲ. ಮುಂದೆ ರಸ್ತೆ ಬಲಕ್ಕೆ ಬಾಗಿದಾಗ ಗುಂಯ್ ಎನ್ನುವುದು ಗುರ್ ಎಂದಿತು. ಚಕ್ರಪಾಣಿ ಎರಡೂ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಿಂದಿನಿಂದ ಹೆಂಡತಿ ಅವನ ಭುಜಕ್ಕೆ ಒಂದು ಚಿವುಟು ಕೊಟ್ಟಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅವನ ಕುತ್ತಿಗೆ ನೋಡಿದರೇ ಸಾಕು, ಒಳಗೆ ಏನು ಕುದಿಯುತ್ತಿದೆಯೆಂದು ಗೊತ್ತಾಗುತ್ತದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಸಾರ್, ರೇಡಿಯೊ ಸ್ವಲ್ಪ ಸಣ್ಣದು ಮಾಡಬಹುದಾ?" ಎಂದಷ್ಟೇ ಕೇಳಿದ. ರೇಡಿಯೊ ಕಾರಿನೊಳಗಿದ್ದರೂ ಕಾರಲ್ಲವಲ್ಲ, ಆಣೆಗೆ ಭಂಗವಿಲ್ಲ.

"ಇರಲಿ ಬಿಡಿ" ಎಂದರು ಸರ್ವೇಯರ್. ಆಟದ ಮೇಲೆ ಅವರಿಗೆ ಗಮನವೇ ಇರಲಿಲ್ಲ. ಯಾರೋ ಔಟಾದರೆ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದರು. ಹೆಂಗಸರು ಇಳಿದು ಕೈಕಾಲು ತೊಳೆಯಲು ಹೋದರು. ಚಕ್ರಪಾಣಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಎಡಗಡೆ ಮುಂದಿನ ಚಕ್ರದ ಹತ್ತಿರ ಕೈಯ ಹಿಂಬದಿ ಹಿಡಿದ. ಬಿಸಿ ಮುಖಕ್ಕೇ ರಾಚಿತು. ಆ ಕಡೆ ಹೋಗಿ ಬಲಗಡೆಯದಕ್ಕೂ ಹಿಡಿದ, ಉಗುರುಬೆಚ್ಚಗಿತ್ತು. ತಲೆಯೆತ್ತಿದರೆ ಸರ್ವೇಯರ್ ಎದುರಿಗೇ ನಿಂತಿದ್ದರು. ಸಿಕ್ಕಿಬಿದ್ದೆ ಎಂದುಕೊಂಡ ಚಕ್ರಪಾಣಿ. ಆದರೆ ಅವರು ಚಕ್ರದ ಕಡೆ ನೋಡುತ್ತಲೇ ಇರಲಿಲ್ಲ.

"ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು. ಅದಕ್ಕೇ ನಾನೇ ಕರ್ಕೊಂಡು ಹೋಗೋಕೆ ಬಂದೆ" ಎಂದರು. "ನಿಮ್ಮ ಮಗಳನ್ನ ನಾನು ಒಪ್ಪಿಲ್ಲ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ. ಹಾಗಲ್ಲ. ಅಂಥ ಹುಡುಗಿ ಸಿಗೋದು ನಮ್ಮ ಪುಣ್ಯ. ವಿಷಯ ನಂದು. ನನಗೆ ಹುಷಾರಿಲ್ಲ."

"ಏನಾಗಿದೆ ಸಾರ್?"

"ತಲೆಯೊಳಗೆ ಏನೋ ಬೆಳೀತಿದೆ ಅನ್ಸುತ್ತೆ. ನಮ್ಮಣ್ಣ ಹೀಗೇ ಹೋದ. ಅವನಿಗೂ ಮೊದಲು ಕಿವಿಯಲ್ಲಿ ಸದ್ದು ಶುರುವಾಗಿತ್ತು. ಮನೇಲಿ ಹೇಳಿಲ್ಲ, ಡಾಕ್ಟರ ಹತ್ರ ಹೋಗೋಕೆ ಧೈರ್ಯ ಇಲ್ಲ. ಹೊಸ ಸೊಸೆ ಬಂದ ವರ್ಷವೇ ಮನೇಲಿ ಅಂಥದ್ದಾದ್ರೆ ಆ ಮಗು ಮೇಲೆ ಮಾತು ಬರುತ್ತೆ. ಅದಕ್ಕೇ ತಳ್ಳಿಕೊಂಡು ಬಂದೆ. ಇನ್ನು ಮುಚ್ಚಿಡೋದು ತಪ್ಪು ಅನ್ನಿಸ್ತು."

ಚಕ್ರಪಾಣಿ ಒಂದು ಹೆಜ್ಜೆ ಹತ್ತಿರ ಬಂದ. "ಸದ್ದು ಅಂದ್ರೆ... ಹೇಗೆ ಬರುತ್ತೆ?"

"ಗುಂಯ್ ಅಂತ. ಸೈಟುಗಳಿಗೆ ಒಬ್ಬನೇ ಹೋಗ್ತೀನಲ್ಲ, ಆಗಲೇ ಜಾಸ್ತಿ. ಜೋರಾಗಿ ಓಡಿಸಿದಷ್ಟೂ ಜಾಸ್ತಿ. ತಲೆಗೆ ರಕ್ತ ಏರುತ್ತೇನೋ. ಅದು ಕೇಳದಿರ್ಲಿ ಅಂತಲೇ ಈ ರೇಡಿಯೊ."

"ಮನೆಯವರಿಗೆ ಕೇಳಿಸಲ್ವಾ?"

"ಒಂದು ಸಲ ಮಾರ್ಕೆಟ್ಟಿಗೆ ಹೋಗುವಾಗ ಅವಳನ್ನ ಕೇಳ್ದೆ, ಏನಾದ್ರೂ ಸದ್ದು ಬರ್ತಿದೆಯಾ ಅಂತ. ಏನೂ ಇಲ್ಲವಲ್ಲ ಅಂದಳು. ಅವತ್ತೇ ಗೊತ್ತಾಯ್ತು, ಇದು ನನ್ನೊಬ್ಬನಿಗೇ ಅಂತ."

ಮಾರ್ಕೆಟ್ಟಿನ ಬೀದಿಯಲ್ಲಿ ಕಾರು ನಡೆಯುವವನಿಗಿಂತ ನಿಧಾನ ಹೋಗುತ್ತದೆ, ಅಲ್ಲಿ ಬೇರಿಂಗ್ ಎಲ್ಲಿಂದ ಕೂಗೀತು? ಚಕ್ರಪಾಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾತು ನಾಲಿಗೆಯ ತುದಿಯಲ್ಲಿ ಕೂತಿತ್ತು, ಆಣೆ ಅಡ್ಡ ನಿಂತಿತ್ತು. ಬೇರೆ ಯಾರೇ ಆಗಿದ್ದರೂ ಆಣೆಯನ್ನು ಗಾಳಿಗೆ ತೂರಿ ಹೇಳಿಬಿಡುತ್ತಿದ್ದರು. ಇವನು ಹಾಗಲ್ಲ, ಮಗಳ ತಲೆ ಮುಟ್ಟಿದ್ದಾನೆ. "ಒಂದು ನಿಮಿಷ ಸಾರ್" ಎಂದವನೇ ಹೆಂಡತಿಯನ್ನು ಹುಡುಕಿಕೊಂಡು ಓಡಿದ. ಟೈರಿಗೆ ಗಾಳಿ ತುಂಬುವ ಯಂತ್ರದ ಹತ್ತಿರ ಅವಳು ಸಿಕ್ಕಳು.

"ಒಂದು ಮಾತು ಆಡ್ಲೇನೇ?"

"ಕಾರಿನ ಬಗ್ಗೆಯಾ?"

"ಹೂಂ."

"ಬೇಡ" ಎಂದಳು, ಕಡ್ಡಿ ಮುರಿದಂತೆ.

"ಕಾಯಿಲೆ ಕಾರಿಗೆ ಕಣೇ. ಆದ್ರೆ ಸಾಯ್ತೀನಿ ಅಂದ್ಕೊಂಡಿರೋರು ಅವರು!" ಎಂದು ಅವನು ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿದವು.

"ಅಯ್ಯೋ ಪಾಪ... ಆಣೆ ಹಾಕಿಸಿದವಳು ನಾನು, ನಾನೇ ಬಿಡಿಸಿದ್ದೀನಿ. ಹೋಗಿ ಹೇಳಿ."

ಆದರೆ ಅನುಮತಿ ಸಿಕ್ಕ ಮೇಲೆ ಚಕ್ರಪಾಣಿಗೆ ಮೊದಲ ಬಾರಿ ಹೇಳಲು ಹೆದರಿಕೆಯಾಯಿತು. ಬಾಯಿ ಮಾತಿನಲ್ಲಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡಾರು. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದು: ಕಾರಿನ ಗುಂಯ್ ಒಂದಾಗಿ, ಆ ಮನುಷ್ಯನ ತಲೆಯೊಳಗಿನದು ನಿಜಕ್ಕೂ ಬೇರೆಯಾಗಿದ್ದರೆ? ಆಸೆ ಹುಟ್ಟಿಸಿ ಕಿತ್ತುಕೊಂಡ ಪಾಪ ಬಂದೀತು.

ಡಿಪೋದಲ್ಲಿ ಇಂಥ ಅನುಮಾನಕ್ಕೆ ಒಂದು ಪದ್ಧತಿಯಿತ್ತು. ಬಸ್ಸಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು, ಸದ್ದು ಕೇಳಿದಾಗ ಕೈ ಎತ್ತಬೇಕು, ನಿಂತಾಗ ಇಳಿಸಬೇಕು. ಬಾಯಿ ಬಿಡಕೂಡದು. ಏಕೆಂದರೆ ಒಬ್ಬ "ಅಗೋ" ಎಂದರೆ ಸಾಕು, ಎಲ್ಲರಿಗೂ ಅದೇ ಕೇಳಲು ಶುರುವಾಗುತ್ತದೆ.

"ಸಾರ್, ಸ್ವಲ್ಪ ದೂರ ನಾನು ಓಡಿಸ್ತೀನಿ. ನನ್ನ ಜಾಗದಲ್ಲಿ ನೀವು ಕೂತ್ಕೊಳ್ಳಿ. ಏನೂ ಕೇಳಬೇಡಿ" ಎಂದ. ಸರ್ವೇಯರ್ ಬೀಗದಕೈ ಕೊಟ್ಟರು. ಹೆದರಿದವರು ಹೇಳಿದಂತೆ ಕೇಳುತ್ತಾರೆ. ಹೊರಡುವ ಮುನ್ನ ಚಕ್ರಪಾಣಿ ಎಡ ಚಕ್ರದ ಮೇಲಂಚನ್ನು ಹಿಡಿದು ಗಟ್ಟಿಯಾಗಿ ಅಲ್ಲಾಡಿಸಿದ; ಸಡಿಲವಿರಲಿಲ್ಲ, ಓಡೀತು. ರೇಡಿಯೊ ಬಂದ್ ಮಾಡಿ ಮೂವರಿಗೂ ನಿಯಮ ಹೇಳಿದ. ಮಗಳಿಗೆ ಯಾಕೆಂದು ಗೊತ್ತಿರಲಿಲ್ಲ. ಅಪ್ಪ ಮತ್ತೆ ಮಾನ ಕಳೆಯುತ್ತಿದ್ದಾನೆ ಎಂದು ಮುಖ ಊದಿಸಿಕೊಂಡಳು, ಆದರೂ ಅಮ್ಮ ಗದರಿದ್ದಕ್ಕೆ ಕಣ್ಣು ಮುಚ್ಚಿದಳು.

ಕಾರು ಹೊರಟಿತು. ನಿಧಾನವಿರುವವರೆಗೆ ಯಾರ ಕೈಯೂ ಏಳಲಿಲ್ಲ. ವೇಗ ಏರಿತು. ಸರ್ವೇಯರ್ ಅವರ ಬಲಗೈ ಮೆಲ್ಲಗೆ ಮೇಲೆದ್ದಿತು, ತಪ್ಪೊಪ್ಪಿಕೊಳ್ಳುವವರ ಹಾಗೆ. ಚಕ್ರಪಾಣಿ ಕನ್ನಡಿಯಲ್ಲಿ ಹಿಂದೆ ನೋಡಿದ. ಮಗಳ ಕೈ ಎದ್ದಿತ್ತು. ಹೆಂಡತಿಯದು ಮಾತ್ರ ಮಡಿಲಲ್ಲೇ ಇತ್ತು. ಅವಳಿಗೆ ವಿಷಯ ಗೊತ್ತಿತ್ತು, ಗೊತ್ತಿದ್ದೂ ಕೈ ಎತ್ತದೆ ನಿಜವಾಗಿ ಕೇಳಲೆಂದು ಕಾಯುತ್ತಿದ್ದಳು. ಆ ಕ್ಷಣದಲ್ಲಿ ಅವನಿಗೆ ಅವಳ ಮೇಲೆ ಬಂದ ಪ್ರೀತಿ ಹೇಳತೀರದು. ರಸ್ತೆ ಬಲಕ್ಕೆ ಹೊರಳಿತು, ಸದ್ದು ಏರಿತು, ಅವಳ ಕೈಯೂ ಎದ್ದಿತು. ಅವನು ಬ್ರೇಕಿನ ಮೇಲೆ ಕಾಲಿಟ್ಟ; ಮೂರೂ ಕೈ ಕೆಳಗಿಳಿದವು. ಮತ್ತೆ ವೇಗ ಕೊಟ್ಟ, ಮೂರೂ ಎದ್ದವು.

"ಸಾರ್, ಕೈ ಇಳಿಸಬೇಡಿ. ಕಣ್ಣು ಬಿಟ್ಟು ಹಿಂದೆ ನೋಡಿ."

ಸರ್ವೇಯರ್ ತಿರುಗಿ ನೋಡಿದರು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಶಾಲೆಯ ಮಕ್ಕಳ ಹಾಗೆ ಕೈ ಮೇಲೆತ್ತಿ ಕೂತಿದ್ದರು.

"ಇವರಿಗೂ... ಕೇಳ್ತಿದೆಯಾ?"

"ನನಗೂ ಕೇಳ್ತಿದೆ ಸಾರ್. ಸ್ಟೀರಿಂಗ್ ಬಿಟ್ಟು ಕೈ ಎತ್ತೋಕೆ ಆಗಲ್ಲ, ಅಷ್ಟೇ. ಎಡಗಡೆ ಮುಂದಿನ ಚಕ್ರದ ಬೇರಿಂಗ್ ಅದು. ನಿಮ್ಮ ತಲೆಯದ್ದಲ್ಲ."

ಅವರು ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತರು. ಚಕ್ರಪಾಣಿ ರಸ್ತೆಯಂಚಿಗೆ ತಂದು ನಿಲ್ಲಿಸಿದ. ಎಂಜಿನ್ನೂ ನಿಂತ ಮೇಲೆ ಸರ್ವೇಯರ್ ತಲೆ ಓರೆಮಾಡಿ ಬಹಳ ಹೊತ್ತು ಆಲಿಸಿದರು. "ಇನ್ನೂ ಸ್ವಲ್ಪ ಇದೆಯಲ್ಲ" ಎಂದರು, ಮತ್ತೆ ಮುಖ ಬಾಡಿಸಿಕೊಂಡು.

"ನನ್ನ ಕಿವಿಯಲ್ಲೂ ಇದೆ" ಎಂದಳು ಮಗಳು ಕಣ್ಣು ಬಿಟ್ಟು. "ಇಷ್ಟು ಹೊತ್ತು ಅದನ್ನೇ ಕೇಳಿದ್ರೆ ಇರಲ್ವಾ? ಈಗ ಹೋಗ್ತಾ ಇದೆ ನೋಡಿ."

ಎಲ್ಲರೂ ಕಾದರು. ಹೋಯಿತು. ಸರ್ವೇಯರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಆಮೇಲೆ ಅದೇ ನಗುವಾಯಿತು. ಮಗಳಿಗೆ ಎಲ್ಲ ತಿಳಿದದ್ದು ಆಗಲೇ. ನೀರಿನ ಬಾಟಲಿಯನ್ನು ಮುಂದಕ್ಕೆ ಚಾಚಿ, "ಕುಡೀರಿ" ಎಂದಳು. ಅಪ್ಪನ ಕುತ್ತಿಗೆಗೆ ಹಿಂದಿನಿಂದ ಕೈ ಹಾಕಿ ಅಲ್ಲೇ ಇಟ್ಟುಕೊಂಡಳು.

"ಆದ್ರೂ ಡಾಕ್ಟರಿಗೆ ಒಂದು ಸಲ ತೋರಿಸೋಣ ಸಾರ್" ಎಂದ ಚಕ್ರಪಾಣಿ. "ನಾನು ಚಕ್ರದವನು, ತಲೆ ನನ್ನ ವಿಭಾಗ ಅಲ್ಲ. ನಾನೂ ಜೊತೆಗೆ ಬರ್ತೀನಿ." ಸರ್ವೇಯರ್ ತಲೆಯಾಡಿಸಿದರು. ಹೋಗಲು ಈಗ ಅವರಿಗೆ ಹೆದರಿಕೆಯಿದ್ದಂತೆ ಕಾಣಲಿಲ್ಲ.

ಉಳಿದ ದಾರಿಯನ್ನು ಎತ್ತಿನ ಗಾಡಿಯ ವೇಗದಲ್ಲಿ ಮುಗಿಸಿದರು. ಮನೆಯಲ್ಲಿ ಬಡಿಸಲು ಕಾದಿದ್ದ ಹುಡುಗನ ತಾಯಿ ಬಾಗಿಲಿಗೆ ಬಂದು ನೋಡಿದರೆ, ಗಂಡ ಒಳ್ಳೇ ಷರ್ಟಿನ ತೋಳು ಮಡಚಿಕೊಂಡು ಕಾರಿಗೆ ಜಾಕ್ ಕೊಡುತ್ತಿದ್ದಾರೆ, ಊಟಕ್ಕೆ ಬಂದ ಹುಡುಗಿಯ ಅಪ್ಪ ಚಕ್ರದ ಮುಂದೆ ನೆಲದ ಮೇಲೆ ಕೂತಿದ್ದಾರೆ, ಮೇಷ್ಟ್ರಾದ ಮಗ ಕನ್ನಡಕ ಏರಿಸಿಕೊಂಡು ಹುಡುಗಿಯನ್ನು "ಏನಾಯ್ತು, ಏನಾಯ್ತು" ಎಂದು ಕೇಳುತ್ತಿದ್ದಾನೆ. ಸರ್ವೇಯರ್ ಹೆಂಡತಿಯನ್ನು ಕರೆದರು. ಬಂದವರ ಎದುರಿಗೇ, ಇಷ್ಟು ತಿಂಗಳು ಒಳಗೆ ಕೊರೆಯುತ್ತಿದ್ದದ್ದನ್ನೆಲ್ಲ ಹೇಳಿದರು. ಆಕೆ ಮೆಟ್ಟಿಲಿಳಿದು ಗಂಡನ ಪಕ್ಕಕ್ಕೆ ಬಂದರು.

"ನಿಮಗೆ ಹುಡುಗಿ ಇಷ್ಟ ಇಲ್ಲ ಅಂತ ನಾನು ನಿಮ್ಮ ಹತ್ರ ಮಾತೇ ಬಿಟ್ಟಿದ್ದೆನಲ್ರೀ. ಒಬ್ಬರೇ ಇದನ್ನ ಇಟ್ಕೊಂಡು ಮಲಗ್ತಿದ್ರಾ?"

"ಕೈ ಕೊಡು ಇಲ್ಲಿ" ಎಂದರು ಸರ್ವೇಯರ್. ಆಕೆಯ ಕೈ ಹಿಡಿದು ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲೆ ಇಟ್ಟು, ಮೇಲೆ ತಮ್ಮ ಕೈಯಿಟ್ಟರು. ಚಕ್ರಪಾಣಿ ಚಕ್ರವನ್ನು ತಿರುಗಿಸಿದ. ಮರಳು ಅರೆದಂತೆ ಸಣ್ಣ ನಡುಕ ಸ್ಪ್ರಿಂಗಿನಲ್ಲಿ ಹರಿದು ಇಬ್ಬರ ಬೆರಳಿಗೂ ಬಂತು.

"ಇದೇ ಕಣೇ, ನಾನು ಸಾಯ್ತೀನಿ ಅಂದ್ಕೊಂಡಿದ್ದು."

ಆಕೆ ಕೈ ತೆಗೆಯಲಿಲ್ಲ. ಚಕ್ರ ನಿಧಾನವಾಗಿ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಚಕ್ರಪಾಣಿಯ ಕಡೆ ತಿರುಗಿದರು.

"ಇನ್ನೊಂದು ಸಲ ತಿರುಗ್ಸಿ, ಬೀಗರೇ" ಎಂದರು.